ಯಕ್ಷಗಾನ ಆಟದ ಫೋಟೋಗೆ ಹಳೇ ಡಿ90 ಸಾಕಾ, ಹೊಸ ಕ್ಯಾಮೆರಾ ಬೇಕಾ?

ಮೂರನೇ ಸಾಲು
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ90 ಇದೆ. 2010ರಲ್ಲಿ ತಗೊಂಡದ್ದು. ಲೆನ್ಸ್ ಅದರ ಜೊತೆಗೇ ಬಂದ 18-105. ಹಗಲು ಹೊತ್ತು ಇವತ್ತಿಗೂ ಒಂದು ದೂರಿಲ್ಲ. ಮಗನ ನಾಮಕರಣದಿಂದ ಹಿಡಿದು ಆಗುಂಬೆಯ ಮಳೆಯವರೆಗೆ ಎಲ್ಲ ಅದರಲ್ಲೇ ತೆಗೆದದ್ದು.

ತೊಂದರೆ ಇರುವುದು ರಾತ್ರಿ. ಎರಡು ವರ್ಷದಿಂದ ಯಕ್ಷಗಾನದ ಫೋಟೋ ಹುಚ್ಚು ಹಿಡಿದಿದೆ. ಮೊನ್ನೆ ನಮ್ಮೂರ ಗದ್ದೆಯಲ್ಲಿ ಬಯಲಾಟ ಇತ್ತು. ಬೆಳಗಿನವರೆಗೆ ಕೂತು 600 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಇಟ್ಟುಕೊಳ್ಳುವಂಥದ್ದು ಹನ್ನೊಂದು. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) 3200ರಲ್ಲಿ ಕಪ್ಪಿರುವ ಕಡೆಯೆಲ್ಲ ರವೆ ಚೆಲ್ಲಿದ ಹಾಗೆ. 6400ಕ್ಕೆ ಹೋದರೆ ರವೆಯಲ್ಲ, ಅವಲಕ್ಕಿ. ಕಡಿಮೆ ಮಾಡಿದರೆ ಶಟರ್ ನಿಧಾನವಾಗಿ, ವೇಷಕ್ಕೆ ಎರಡು ಕೈ ಇದ್ದದ್ದು ಆರು ಕಾಣುತ್ತದೆ. ದೇವಿ ಪಾತ್ರಕ್ಕಾದರೆ ನಡೆಯುತ್ತದೆ, ಉಳಿದವರಿಗೆ ಏನು ಹೇಳಲಿ?

ಬಜೆಟ್ ಜಾಸ್ತಿ ಅಂದರೆ 80 ಸಾವಿರ. ಅದೂ ಮನೆಯವಳು ಒಪ್ಪಿದರೆ. ಕ್ಯಾಮೆರಾ ಬದಲಾಯಿಸಲಾ, ಬೇಡವಾ?

ಸುಮ್ನೆ ಒಬ್ಬ
ತಗೊಳ್ಳಿ.

ಹಳೇ ಗಾಜು
ತಡೆಯಿರಿ. ಮೊದಲು ಲೆನ್ಸ್ ನೋಡಿ, ಆಮೇಲೆ ಕ್ಯಾಮೆರಾ.

18-105ರಲ್ಲಿ ಪೂರ್ತಿ ಝೂಮ್ ಮಾಡಿದರೆ ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದೇ ಇಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ನೀವು ರಂಗಸ್ಥಳದ ಬೆಳಕನ್ನು ಕಿಟಕಿ ಮುಚ್ಚಿ, ಬಾಗಿಲ ಸಂದಿಯಿಂದ ನೋಡುತ್ತಿದ್ದೀರಿ. ಎಫ್ 1.8ರ ಲೆನ್ಸ್ ಹಾಕಿದರೆ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಹತ್ತು ಪಟ್ಟು ಅಂದರೆ ಮೂರು ಸ್ಟಾಪಿಗಿಂತ ಮೇಲೆ, ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಯಾವ ಹೊಸ ಬಾಡಿಯೂ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ನಿಮಗೆ ಒಂದೇ ಏಟಿಗೆ ಮೂರು ಸ್ಟಾಪ್ ಕೊಡುವುದಿಲ್ಲ.

ಡಿ90ಯಲ್ಲಿ ಇನ್ನೊಂದು ಪುಣ್ಯ ಇದೆ. ಬಾಡಿಯ ಒಳಗೇ ಫೋಕಸ್ ಮೋಟಾರ್ ಇದೆ. ಹಾಗಾಗಿ ತಮ್ಮಲ್ಲಿ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್‌ಗಳೂ ಅದರಲ್ಲಿ ತಾವೇ ಫೋಕಸ್ ಆಗುತ್ತವೆ. 50 ಎಂಎಂ ಎಫ್ 1.8ಡಿ, 85 ಎಂಎಂ ಎಫ್ 1.8ಡಿ ಎಲ್ಲ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. 80 ಸಾವಿರದ ಮಾತೇ ಬೇಡ.

ಫುಲ್ ಫ್ರೇಮ್ ಪುಟ್ಟ
ಡಿ90 2008ರ ಕ್ಯಾಮೆರಾ ಸ್ವಾಮಿ. ಆಮೇಲೆ ಹುಟ್ಟಿದ ಮಕ್ಕಳು ಈಗ ಕಾಲೇಜು ಸೇರುತ್ತಿದ್ದಾರೆ. ಇನ್ನೂ ಅದಕ್ಕೆ ಲೆನ್ಸ್ ಕೊಡಿಸುವುದು ಅಂದರೆ ಹಳೇ ಎತ್ತಿಗೆ ಬೆಳ್ಳಿ ಕೊಂಬಣಸು ಹಾಕಿದ ಹಾಗೆ. ಸೆಕೆಂಡ್ ಹ್ಯಾಂಡ್ ಡಿ750 ನೋಡಿ. ಫುಲ್ ಫ್ರೇಮ್ ಅಂದರೆ ದೊಡ್ಡ ಸೆನ್ಸರ್, 24 ಮೆಗಾಪಿಕ್ಸೆಲ್, ಐಎಸ್‌ಒ 6400 ಹಾಕಿ ಕಣ್ಣು ಮುಚ್ಚಿ ತೆಗೆಯಬಹುದು.

ಹಳೇ ಗಾಜು
ಕಣ್ಣು ಮುಚ್ಚಿ ತೆಗೆದರೆ ಹನ್ನೊಂದೂ ಉಳಿಯಲ್ಲ.

ಲೆಕ್ಕ ಹಾಕೋಣ. ಫುಲ್ ಫ್ರೇಮ್ ಸೆನ್ಸರ್ ಇದಕ್ಕಿಂತ ಸುಮಾರು 2.3 ಪಟ್ಟು ದೊಡ್ಡದು. ಅದರಿಂದ ಒಂದು ಸ್ಟಾಪ್ ಮತ್ತು ಸ್ವಲ್ಪ. ಸೆನ್ಸರ್ ಹೊಸತು ಅಂತ ಇನ್ನರ್ಧ ಸೇರಿಸಿ. ಒಂದೂವರೆ ಆಯ್ತು. ಆದರೆ ಅವರ 18-105 ಡಿಎಕ್ಸ್ ಲೆನ್ಸ್, ಸಣ್ಣ ಸೆನ್ಸರಿಗೆ ಮಾಡಿದ್ದು. ಡಿ750ಗೆ ಹಾಕಿದರೆ ಕ್ಯಾಮೆರಾ ಸೆನ್ಸರಿನ ನಡುವಿನ ಭಾಗ ಮಾತ್ರ ಬಳಸುತ್ತದೆ. ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಸೆನ್ಸರ್ ಸುಮ್ನೆ ಕೂತಿರುತ್ತದೆ. ಆಗ ಲೆನ್ಸೂ ತಗೊಳ್ಳಬೇಕು. ಬಜೆಟ್ ಎಲ್ಲಿಗೆ ಹೋಯ್ತು?

ಫುಲ್ ಫ್ರೇಮ್ ಪುಟ್ಟ
ಲೆನ್ಸ್ ತಗೊಳ್ಳಬೇಡಿ ಅಂತ ನಾನು ಎಲ್ಲಿ ಹೇಳಿದೆ?

ಕತ್ತಲೆ ಕೋಣೆ
ಜಗಳ ಆಮೇಲೆ. ಮೂರನೇ ಸಾಲು ಅವರೇ, ಆ 600 ಫೋಟೋದಲ್ಲಿ ಯಾವುದಾದರೂ ಒಂದರ ಸೆಟ್ಟಿಂಗ್ ಹೇಳಿ. ರಾ (ಸೆನ್ಸರಿನಿಂದ ಬಂದ ಹಾಗೇ ಇರುವ ಫೈಲ್) ತೆಗೆದದ್ದಾ, ಜೆಪೆಗ್ಗಾ?

ಮೂರನೇ ಸಾಲು
ಎಫ್ 5.6, 1/125 ಸೆಕೆಂಡ್, ಐಎಸ್‌ಒ 6400. ಕ್ಯಾಮೆರಾದಲ್ಲಿ ಅದನ್ನು ಹೈ 1 ಅಂತ ತೋರಿಸುತ್ತದೆ. ಬೆಳಕು ಅಳೆಯುವ ಮೀಟರಿಂಗ್ ಮ್ಯಾಟ್ರಿಕ್ಸ್, ಅಂದರೆ ಇಡೀ ದೃಶ್ಯ ನೋಡಿ ಅಳೆಯುವುದು. ಜೆಪೆಗ್. ರಾ ಫೈಲ್ ದೊಡ್ಡದು ಅಂತ ಯಾವತ್ತೂ ಮುಟ್ಟಿಲ್ಲ.

ಕತ್ತಲೆ ಕೋಣೆ
ಅಯ್ಯೋ!

ಡಿ90ಯ ನಿಜವಾದ ಐಎಸ್‌ಒ 200ರಿಂದ 3200. ಅದರ ಮೇಲಿನದು ಎಳೆದು ಹಿಗ್ಗಿಸಿದ್ದು. ಕಂಪನಿಯವರೇ ಅದಕ್ಕೆ ಅಂಕಿ ಕೊಡದೆ ಹೈ ಅಂತ ಹೆಸರಿಟ್ಟಿದ್ದಾರೆ ಅಂದ ಮೇಲೆ ಅರ್ಥ ಮಾಡಿಕೊಳ್ಳಬೇಕು. ಅದರ ಮೇಲೆ ಜೆಪೆಗ್. ಕ್ಯಾಮೆರಾ ತನಗೆ ತಿಳಿದ ಹಾಗೆ ನಾಯ್ಸ್ (ನೀವು ಹೇಳಿದ ರವೆ) ಒರೆಸುತ್ತದೆ. 2008ರ ಬುದ್ಧಿ, ಅದೂ ಒಂದು ಸೆಕೆಂಡಿನೊಳಗೆ. ಮುಖವರ್ಣಿಕೆಯ ಗೆರೆಗಳೂ ಅದರ ಜೊತೆಗೇ ಹೋಗುತ್ತವೆ.

ರಾದಲ್ಲಿ ತೆಗೆಯಿರಿ. ಇವತ್ತಿನ ಡಿನಾಯ್ಸ್ ಸಾಫ್ಟ್‌ವೇರ್‌ಗಳು ಬೇರೆಯೇ ಜಾತಿ. ಡಿಎಕ್ಸ್‌ಒದವರ ಡೀಪ್‌ಪ್ರೈಮ್ ಇದೆ. ಲೈಟ್‌ರೂಮಿಗೂ 2023ರಲ್ಲಿ ಎಐ ಡಿನಾಯ್ಸ್ ಬಂತು. ಎರಡೂ ರಾ ಫೈಲನ್ನೇ ಕೇಳುತ್ತವೆ. ದುಡ್ಡು ಕೊಡಲ್ಲ ಅಂದರೆ ಡಾರ್ಕ್‌ಟೇಬಲ್, ರಾಥೆರಪಿ ಪುಕ್ಕಟೆ, ಆದರೆ ಕಲಿಯಲು ತಾಳ್ಮೆ ಬೇಕು. ನನ್ನ ಹತ್ತಿರ 2011ರ ರಾ ಫೈಲ್‌ಗಳಿದ್ದವು, ಕಸ ಅಂತ ಬಿಟ್ಟಿದ್ದೆ. ಕಳೆದ ವರ್ಷ ಮತ್ತೆ ತೆರೆದು ಪ್ರಿಂಟ್ ಹಾಕಿಸಿದೆ. ಜೆಪೆಗ್ ತೆಗೆದಿದ್ದರೆ ಅದೂ ಇಲ್ಲ, ಇದೂ ಇಲ್ಲ.

ಮೀಟರಿಂಗ್ ಕೂಡ. ಹಿಂದೆ ಕಪ್ಪು ಆಕಾಶ, ಮುಂದೆ ಹೊಳೆಯುವ ಕಿರೀಟ. ಮ್ಯಾಟ್ರಿಕ್ಸ್‌ಗೆ ತಲೆಕೆಡುತ್ತದೆ. ಮ್ಯಾನುಯಲ್‌ನಲ್ಲಿ ಒಮ್ಮೆ ಮುಖಕ್ಕೆ ಸರಿ ಮಾಡಿಕೊಳ್ಳಿ. ರಂಗಸ್ಥಳದ ದೀಪ ಬೆಳಗಿನವರೆಗೂ ಹೆಚ್ಚುಕಡಿಮೆ ಅದೇ ಅಲ್ವಾ?

ನೀರುದೋಸೆ
ನಿಮ್ಮ ಲೆನ್ಸ್‌ನಲ್ಲಿ ವಿಆರ್ ಇದೆಯಲ್ಲ? 1/20ರಲ್ಲೂ ಅಲ್ಲಾಡದೆ ಬರಬೇಕು.

ಹಳೇ ಗಾಜು
ವಿಆರ್ ನಿಲ್ಲಿಸುವುದು ನಮ್ಮ ಕೈ ನಡುಗುವುದನ್ನು. ಚೆಂಡೆಯ ಕೋಲನ್ನಲ್ಲ. 1/20ರಲ್ಲಿ ಭಾಗವತರು ಚೆನ್ನಾಗಿ ಬರುತ್ತಾರೆ, ಕೂತಿರುತ್ತಾರಲ್ಲ.

ಬಿಸಿಲೂರು
ರಾಯಚೂರಿನಿಂದ. ನಮ್ಮ ಕಡೆ ದೊಡ್ಡಾಟಕ್ಕೆ ನಾನು ಫೋನಿನಲ್ಲೇ ತೆಗೆಯುತ್ತೇನೆ. ನೈಟ್ ಮೋಡ್ ಹಾಕಿದರೆ ಹಗಲಿನ ಹಾಗೆ ಬರುತ್ತದೆ. ಇಷ್ಟೆಲ್ಲ ಯಾಕೆ?

ಕತ್ತಲೆ ಕೋಣೆ
ಫೋನು ಒಂದರ ಹಿಂದೆ ಒಂದು ಹಲವು ಫೋಟೋ ತೆಗೆದು ಒಟ್ಟು ಮಾಡುತ್ತದೆ. ನಿಂತ ಗೋಪುರಕ್ಕೆ ಸರಿ. ಮೈಸೂರು ಅರಮನೆಯ ದೀಪಕ್ಕೆ ಇನ್ನೂ ಸರಿ. ಕುಣಿಯುವವರಿಗೆ ಅಲ್ಲ. ಮತ್ತೆ ಅದೇ ಆರು ಕೈ, ಇಲ್ಲದಿದ್ದರೆ ಮೇಣ ಸವರಿದ ಹಾಗಿರುವ ಮುಖ.

ಬಿಸಿಲೂರು
ಅದೂ ನಿಜ. ಕುಣಿಯುವಾಗ ತೆಗೆದದ್ದು ಒಂದೂ ಸ್ಟೇಟಸ್ ಹಾಕಿಲ್ಲ ನಾನು.

ಮದ್ದಳೆ ಮನೆ
ನಾನು ಹವ್ಯಾಸಿ ಮದ್ದಳೆಗಾರ. ಕ್ಯಾಮೆರಾ ಬಗ್ಗೆ ನನಗೆ ಏನೂ ತಿಳಿಯದು. ಆದರೆ ಎದುರು ಕೂತ ಫೋಟೋದವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಹೆಚ್ಚಿನವರು ವೇಷ ಜೋರಾಗಿ ಕುಣಿಯುವಾಗ ಟಕಟಕ ಅಂತ ಒತ್ತುತ್ತಾರೆ. ವೇಷ ನಿಂತಾಗ ಕ್ಯಾಮೆರಾದ ಹಿಂದಿನ ಪರದೆ ನೋಡುತ್ತಿರುತ್ತಾರೆ!

ಆಟಕ್ಕೆ ಒಂದು ತಾಳ ಇದೆ. ಪದ್ಯದ ಕೊನೆಗೆ ಬಿಡ್ತಿಗೆಯ ನುಡಿತ ಬರುತ್ತದೆ, ಮುಕ್ತಾಯಕ್ಕೆ ಹೆಜ್ಜೆ ಊರುತ್ತಾರೆ. ಊರಿದ ಕೂಡಲೇ ಅರೆಕ್ಷಣ ಕಲ್ಲಿನ ಹಾಗೆ ನಿಲ್ಲುತ್ತಾರೆ. ಕಣ್ಣು, ಕೈ, ಎದೆ ಎಲ್ಲ ಆಗಲೇ ತುಂಬಿರುತ್ತದೆ. ಚೆಂಡೆ ಕೇಳುತ್ತಾ ಕೂತರೆ ಆ ಕ್ಷಣ ಬರುವುದು ಎರಡು ಹೆಜ್ಜೆ ಮೊದಲೇ ಗೊತ್ತಾಗುತ್ತದೆ. ಧಿಗಿಣದಲ್ಲೂ, ಅಂದರೆ ಸುತ್ತುತ್ತಾ ಹಾರುವ ಕುಣಿತದಲ್ಲೂ, ಹಾಗೇ. ಮೇಲೆ ಹೋಗಿ ಕೆಳಗೆ ಬರುವ ಮೊದಲು ಒಂದು ನಿಲುಗಡೆ ಇದೆ.

ಮೂರನೇ ಸಾಲು
ಇದನ್ನು ಯಾವ ವೀಡಿಯೊದಲ್ಲೂ ಯಾರೂ ಹೇಳಿರಲಿಲ್ಲ. ನನ್ನ ಹನ್ನೊಂದು ಫೋಟೋ ಮತ್ತೆ ನೋಡಿದೆ. ಒಂಬತ್ತು ಮುಕ್ತಾಯದ್ದೇ. ಅಕಸ್ಮಾತ್ ಸಿಕ್ಕಿದ್ದು.

ಪತ್ತನಾಜೆ
ಮದ್ದಳೆ ಮನೆಯವರ ಮಾತಿಗೆ ಕೈಮುಗಿದೆ. ಒಂದು ತಿದ್ದುಪಡಿ ಮಾತ್ರ. ಧಿಗಿಣದಲ್ಲಿ ಮೇಲಿನ ತುದಿಗೆ ಹೋದಾಗ ಏರುವುದು ನಿಲ್ಲುತ್ತದೆ, ಮೈ ತಿರುಗುವುದು ನಿಲ್ಲುವುದಿಲ್ಲ. ತೆಂಕುತಿಟ್ಟಿನ ಪುಂಡು ವೇಷದವರು (ಚುರುಕಾದ ಎಳೆಯ ಪಾತ್ರದವರು) ಸುತ್ತುವ ವೇಗಕ್ಕೆ 1/500 ಆದರೂ ಬೇಕು. ಮುಕ್ತಾಯಕ್ಕೆ 1/125ರಲ್ಲೂ ಬದುಕಬಹುದು.

ಮದ್ದಳೆ ಮನೆ
ಸರಿಯೇ. ನಮಗೆ ಕಾಣುವುದು ಪಕ್ಕದಿಂದ, ಅಲ್ಲಿಂದ ನಿಂತ ಹಾಗೇ ಕಾಣುತ್ತದೆ.

ಮಸ್ಕತ್‌ನಿಂದ
ಇಲ್ಲಿ ವರ್ಷಕ್ಕೊಂದು ಆಟ ಆಗುತ್ತದೆ, ಎಸಿ ಹಾಲ್‌ನಲ್ಲಿ. ಬೆಳಕಿಗೆ ಬರವಿಲ್ಲ, ಆದರೆ ಗದ್ದೆಯ ಚಳಿಯೂ ಇಲ್ಲ, ಚರುಮುರಿಯೂ ಇಲ್ಲ. ನೀವು ನಾಯ್ಸ್ ಬಗ್ಗೆ ಬೈಯುವುದನ್ನು ಓದಿ ಹೊಟ್ಟೆಕಿಚ್ಚಾಯಿತು.

ಪತ್ತನಾಜೆ
ಹಾಲ್ ಏನು ಬಂತು. ನನ್ನ ಅಜ್ಜ ಗ್ಯಾಸ್ ಲೈಟಿನ ಆಟ ನೋಡಿದವರು. ಅವರ ಹಿಂದಿನವರು ದೀವಟಿಗೆಯ ಬೆಳಕಿನಲ್ಲಿ ನೋಡಿದವರು. ಮುಖಕ್ಕೆ ಅಷ್ಟು ದಪ್ಪ ಬಣ್ಣ, ಎದೆಕಟ್ಟಿಗೆ ಅಷ್ಟು ಕನ್ನಡಿ, ಹೊಳೆಯುವ ಬೇಗಡೆ ಎಲ್ಲ ಆ ಮಂದ ಬೆಳಕಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿದ್ದವು ಅಂತ ಅಜ್ಜ ಹೇಳುತ್ತಿದ್ದರು. ಈಗ ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವಿನಿಂದ ಬರುವಾಗ ಮಾತ್ರ ಆ ಬಣ್ಣ ಸಿಗುತ್ತದೆ. ರಾಳದ ಪುಡಿ ಎರಚಿದಾಗ ಭಗ್ ಅಂತ ಏಳುವ ಬೆಂಕಿ! ಉಳಿದ ಹೊತ್ತು ಎಲ್‌ಇಡಿ. ನೀಲಿ, ನೇರಳೆ, ಹಸಿರು. ಮದುವೆ ಮಂಟಪದ ಹಾಗೆ.

ನೀರುದೋಸೆ
ಎಲ್‌ಇಡಿಗೆ ಬೈಯಬೇಡಿ, ಕರೆಂಟ್ ಬಿಲ್ ಕಟ್ಟುವವರನ್ನು ಕೇಳಿ.

ಕತ್ತಲೆ ಕೋಣೆ
ಬಿಲ್ ಇರಲಿ, ಫೋಟೋಗೆ ಎಲ್‌ಇಡಿಯ ಎರಡು ಉಪದ್ರ ಇವೆ. ಒಂದು, ಕೆಂಪು. ಕೆಂಪು ದೀಪ ನೇರ ಬಿದ್ದರೆ ಬಣ್ಣದ ವೇಷದ ಮುಖದಲ್ಲಿ ವಿವರವೇ ಉಳಿಯುವುದಿಲ್ಲ, ಬರೀ ಕುಂಕುಮದ ಮುದ್ದೆ. ಬೆಳಕಿನ ಹಂಚಿಕೆ ತೋರಿಸುವ ಮಾಮೂಲಿ ಹಿಸ್ಟೋಗ್ರಾಮ್ ಎಲ್ಲ ಸರಿ ಅಂತ ಹೇಳುತ್ತದೆ. ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವುದನ್ನು ನೋಡಿ, ಡಿ90ಯಲ್ಲಿ ಅದಿದೆ. ಕೆಂಪು ಬಲಕ್ಕೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಶರ್ ಇಳಿಸಿ.

ಎರಡು, ಮಿಣುಕು. ಟ್ಯೂಬ್‌ಲೈಟಿಗೂ ಇದಿದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/100 ಅಥವಾ 1/50ರಲ್ಲಿ ಪೂರ್ತಿ ಸುತ್ತು ಸಿಗುತ್ತದೆ. 1/250ಕ್ಕೆ ಹೋದರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಮಂಕು. ಕ್ಯಾಮೆರಾ ಕೆಟ್ಟಿತು ಅಂತ ಗಾಬರಿ ಬೀಳುವವರಿದ್ದಾರೆ.

ಮೂರನೇ ಸಾಲು
ನಾನೇ ಬಿದ್ದಿದ್ದೇನೆ. ರಿಪೇರಿಗೆ ಒಯ್ದೆ. ಅಂಗಡಿಯವರು ಏನೋ ಕ್ಲೀನ್ ಮಾಡಿದೆ ಅಂತ 1,500 ತಗೊಂಡರು.

ಸುಮ್ನೆ ಒಬ್ಬ
ಅದಕ್ಕೇ ಹೇಳಿದ್ದು, ತಗೊಳ್ಳಿ.

ಫುಲ್ ಫ್ರೇಮ್ ಪುಟ್ಟ
ಈಗ ನನ್ನ ಮಾತೂ ಸ್ವಲ್ಪ ಕೇಳಿ. ಎಲ್ಲರೂ ನಾಯ್ಸ್, ನಾಯ್ಸ್ ಅನ್ನುತ್ತಿದ್ದೀರಿ. ನಾಯ್ಸ್ ಅನ್ನು ಸಾಫ್ಟ್‌ವೇರ್ ಒರೆಸುತ್ತದೆ, ಒಪ್ಪಿದೆ. ತಪ್ಪಿದ ಫೋಕಸ್ ಅನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ಡಿ90ಯಲ್ಲಿ ಫೋಕಸ್ ಪಾಯಿಂಟ್ ಹನ್ನೊಂದು, ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವ ಕ್ರಾಸ್ ಟೈಪ್ ಇರುವುದು ನಡುವಿನದು ಒಂದೇ. ಕತ್ತಲಲ್ಲಿ ಉಳಿದ ಹತ್ತು ಊಟಕ್ಕಿಲ್ಲದ ಉಪ್ಪಿನಕಾಯಿ. ಅದು ಕೆಲಸ ಮಾಡುವ ಮಿತಿ ಮೈನಸ್ 1 ಇವಿ ಬೆಳಕು, ಅಂಕಿ ಇಳಿದಷ್ಟೂ ಕತ್ತಲು. ಡಿ750, ಡಿ7200 ಮೈನಸ್ 3ರವರೆಗೆ ಕಾಣುತ್ತವೆ, ಪಾಯಿಂಟ್ 51. ಮಹಿಷಾಸುರ ಸಭೆಯ ಮಧ್ಯೆ ಬರುವಾಗ ಡಿ90 ಲೆನ್ಸನ್ನು ಹಿಂದೆ ಮುಂದೆ ಓಡಿಸುತ್ತಾ ಕೂತಿರುತ್ತದೆ. ಅಷ್ಟರಲ್ಲಿ ಮಹಿಷಾಸುರ ರಂಗಸ್ಥಳ ಹತ್ತಿ ಆಗಿರುತ್ತದೆ.

ಹಳೇ ಗಾಜು
ಇದನ್ನು ಒಪ್ಪುತ್ತೇನೆ. ಬಾಡಿ ಬದಲಾಯಿಸಲು ಒಳ್ಳೆಯ ಕಾರಣ ಅಂದರೆ ಇದು. ಡಿ7200ಗೆ ಹೋದರೆ ನಾಯ್ಸ್‌ನಲ್ಲಿ ಸಿಗುವುದು ಅರ್ಧ ಸ್ಟಾಪ್ ಆಸುಪಾಸು, ಅದಕ್ಕೋಸ್ಕರ ದುಡ್ಡು ಹಾಕಿದರೆ ಬೇಜಾರಾಗುತ್ತದೆ. ಫೋಕಸ್‌ಗೋಸ್ಕರ ಹಾಕಿದರೆ ಬೇಜಾರಾಗಲ್ಲ.

ಆದರೂ ಎಫ್ 1.8 ಲೆನ್ಸ್ ಹಾಕಿದರೆ ಫೋಕಸ್ ಕೂಡ ಸುಧಾರಿಸುತ್ತದೆ. ವ್ಯೂಫೈಂಡರ್ ಬೆಳಗುತ್ತದೆ, ಕಣ್ಣಿಗೂ ಹಿತ.

ಹೊಸ ಹುರುಪು
ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಅಲ್ವಾ? ಕನ್ನಡಿಯಿಲ್ಲದ ಮಿರರ್‌ಲೆಸ್ ಯಾಕೆ ಯಾರೂ ಹೇಳುತ್ತಿಲ್ಲ? ನಿಕಾನ್ ಝಡ್5 ತಗೊಂಡು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಹಳೇ ಲೆನ್ಸ್ ಎಲ್ಲ ನಡೆಯುತ್ತದೆ.

ಹಳೇ ಗಾಜು
ಎಲ್ಲ ನಡೆಯಲ್ಲ, ಇಲ್ಲೇ ಜನ ಮೋಸ ಹೋಗುವುದು. ಆ ಅಡಾಪ್ಟರ್‌ನಲ್ಲಿ ಮೋಟಾರ್ ಇಲ್ಲ. ಲೆನ್ಸಿನ ಒಳಗೇ ಮೋಟಾರ್ ಇರುವ ಎಎಫ್-ಎಸ್ ಆದರೆ ತಾನೇ ಫೋಕಸ್ ಆಗುತ್ತದೆ. ಎಎಫ್-ಡಿ ಆದರೆ ಕೈಯಲ್ಲಿ ತಿರುಗಿಸಬೇಕು. ಹಾಗಾಗಿ ಮೂರನೇ ಸಾಲು ಅವರೇ, ಮುಂದೆ ಮಿರರ್‌ಲೆಸ್ ಯೋಚನೆ ಇದ್ದರೆ 85 ಎಂಎಂ ಎಫ್ 1.8ಜಿ ತಗೊಳ್ಳಿ, ಅದು ಎಎಫ್-ಎಸ್. ಇಲ್ಲ, ಹಳೇ ಕಾಲದವನೇ ಆಗಿರುತ್ತೇನೆ ಅಂದರೆ ಡಿ ಸಾಕು. ನನ್ನ ಹತ್ತಿರ 80-200 ಎಫ್ 2.8ಡಿ ಇದೆ, 1.3 ಕೆಜಿ. ಬೆಳಗಿನ ಹೊತ್ತಿಗೆ ಭುಜವೇ ದೊಂದಿಯ ಹಾಗೆ ಉರಿಯುತ್ತದೆ.

ಹೊಸ ಹುರುಪು
ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದೆ ತೆಗೆಯಬಹುದು ಅನ್ನುವುದಂತೂ ನಿಜ ತಾನೇ?

ಕತ್ತಲೆ ಕೋಣೆ
ನಿಜ, ಆದರೆ ಎಲ್‌ಇಡಿ ಇದ್ದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಫೋಟೋ ತುಂಬ ಪಟ್ಟೆಪಟ್ಟೆ ಬರಬಹುದು. ಹುಲಿವೇಷಕ್ಕೆ ಇರಲಿ ಬಿಡಿ. ಚೆಂಡೆಯ ಎದುರು ಡಿ90ಯ ಶಟರ್ ಸದ್ದು ಯಾರಿಗೆ ಕೇಳುತ್ತದೆ?

ಚೌಕಿ ಬಾಗಿಲು
ಸದ್ದಿನ ಮಾತು ಬಂತು ಅಂತ ಹೇಳುತ್ತೇನೆ. ದಯವಿಟ್ಟು ಫ್ಲ್ಯಾಶ್ ಹಾಕಬೇಡಿ. ಇಲ್ಲಿ ಯಾರೂ ಹಾಕಿ ಅಂದಿಲ್ಲ, ಆದರೆ ಓದುವವರು ಇರುತ್ತಾರೆ. ನಾನು ವೇಷ ಮಾಡುವವನು. ಸುತ್ತು ಹಾಕುವಾಗ ಕಣ್ಣಿಗೆ ಫ್ಲ್ಯಾಶ್ ಬಿದ್ದರೆ ಎರಡು ಕ್ಷಣ ರಂಗಸ್ಥಳದ ಅಂಚು ಕಾಣುವುದಿಲ್ಲ. ಒಮ್ಮೆ ನಾನು ಕೆಳಗೆ ಕಾಲಿಟ್ಟಿದ್ದೇನೆ. ಬಣ್ಣದ ಮನೆ ಚೌಕಿಯ ಒಳಗೂ ಕೇಳಿ ಬನ್ನಿ. ಬಣ್ಣಕ್ಕೆ ಕೂತವರ ಮೂಗಿನ ಹತ್ತಿರ ಲೆನ್ಸ್ ತರುವುದು ಬೇಡ.

ಬಿಸಿಲೂರು
ಮತ್ತೆ ಮುಂದಿನ ಸಾಲಿನಲ್ಲಿ ಎದ್ದು ನಿಲ್ಲುವವರಿಗೂ ಒಂದು ಮಾತು ಹೇಳಿ. ಹಿಂದೆ ಕೂತವರು ಆಟ ನೋಡಲು ಬಂದಿರುತ್ತಾರೆ, ಅವರ ಬೆನ್ನು ನೋಡಲು ಅಲ್ಲ.

ಮೂರನೇ ಸಾಲು
ನಾನು ಮೂರನೇ ಸಾಲಿನ ಅಂಚಿನಲ್ಲಿ ಕೂತೇ ತೆಗೆಯುವವನು. ಹೆಸರೇ ಸಾಕ್ಷಿ.

ನಿಮ್ಮೆಲ್ಲರ ಮಾತು ಕೇಳಿ ಒಂದು ತೀರ್ಮಾನಕ್ಕೆ ಬಂದೆ. ಏನೂ ಕೊಳ್ಳುವುದಿಲ್ಲ, ಮಂಗಳೂರಿನಲ್ಲಿ 85 ಎಂಎಂ ಎಫ್ 1.8ಜಿ ಎರಡು ದಿನಕ್ಕೆ ಬಾಡಿಗೆ ತರುತ್ತೇನೆ. ಶನಿವಾರ ದೇವಿ ಮಹಾತ್ಮೆ ಇದೆ.

ಹಳೇ ಗಾಜು
ಬುದ್ಧಿವಂತರು. ಎಫ್ 2ರಲ್ಲಿ ಇಡಿ. ಅದೇ ಬೆಳಕಿಗೆ ಐಎಸ್‌ಒ 6400 ಇದ್ದದ್ದು 1600ಕ್ಕೆ ಇಳಿಯುತ್ತದೆ, 1/125 ಇದ್ದದ್ದು 1/250 ಆಗುತ್ತದೆ. ಎರಡೂ ಒಟ್ಟಿಗೆ.

ಹೊಸ ಹುರುಪು
ಮಧ್ಯೆ ಒಂದು ಪ್ರಶ್ನೆ. ಕರಾವಳಿಯಲ್ಲಿ ಲೆನ್ಸ್ ಹೇಗೆ ಇಡುತ್ತೀರಿ? ನನ್ನದರಲ್ಲಿ ಮಳೆಗಾಲ ಮುಗಿಯುವಾಗ ಜೇಡರ ಬಲೆಯ ಹಾಗೆ ಏನೋ ಕಾಣುತ್ತಿದೆ.

ಪತ್ತನಾಜೆ
ಫಂಗಸ್. ಚರ್ಮದ ಚೀಲದಲ್ಲಿ ಇಟ್ಟಿದ್ದೀರಾ? ಅದರಲ್ಲೇ ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ಸಣ್ಣ ತೇವಮಾಪಕ. 40ರಿಂದ 50 ಪರ್ಸೆಂಟ್‌ನೊಳಗೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಮುಖ್ಯ, ಆಗಾಗ ಹೊರಗೆ ತೆಗೆದು ಬಳಸಿ. ಆಟದ ಸೀಸನ್ ಮುಗಿಯಿತು ಅಂತ ಮೇ ತಿಂಗಳಲ್ಲಿ ಒಳಗಿಟ್ಟವರು ನವೆಂಬರಿನಲ್ಲಿ ತೆಗೆದರೆ ಹೀಗೇ ಆಗುವುದು.

ಬಿಸಿಲೂರು
ನಮ್ಮಲ್ಲಿ ಫಂಗಸ್ ಇಲ್ಲ. ಧೂಳು ಇದೆ. ಬೇಕಾದವರು ಬದಲಾಯಿಸಿಕೊಳ್ಳಬಹುದು.

ಮೂರನೇ ಸಾಲು
ಶನಿವಾರದ ವರದಿ. ಒಟ್ಟು 380 ಫೋಟೋ, ರಾ. ಇಟ್ಟುಕೊಂಡದ್ದು 64. ರವೆ ಹೋಗಿಲ್ಲ, ಆದರೆ ಸಣ್ಣ ರವೆ ಆಗಿದೆ. ಡಿನಾಯ್ಸ್ ಹಾಕಿದ ಮೇಲೆ ಅದೂ ಇಲ್ಲ. ಒಂದನ್ನು 12 ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿದೆ, 12 ಮೆಗಾಪಿಕ್ಸೆಲ್ ಧಾರಾಳ ಸಾಕಾಯಿತು. ಚಂಡಮುಂಡರ ಕಣ್ಣಿನ ಸುತ್ತಲಿನ ಬಿಳಿ ಚುಕ್ಕೆಗಳನ್ನು ಎಣಿಸಬಹುದು.

ಚೆಂಡೆ ಕೇಳುತ್ತಾ ಕೂತೆ. ಮೊದಲರ್ಧ ಗಂಟೆ ಒಂದೂ ಸಿಗಲಿಲ್ಲ, ಎಲ್ಲ ತಡವಾಗಿ ಒತ್ತಿದೆ. ಆಮೇಲೆ ಬೆರಳಿಗೆ ತಾನೇ ಅಭ್ಯಾಸ ಆಯಿತು. ಝೂಮ್ ಇಲ್ಲದ್ದು ಮಾತ್ರ ಕಷ್ಟ. ಇಬ್ಬರು ಒಟ್ಟಿಗೆ ಕುಣಿದರೆ ಒಬ್ಬರ ಕೈ ಹೊರಗೆ ಹೋಗುತ್ತದೆ.

ಮಹಿಷಾಸುರ? ಪುಟ್ಟ ಅವರು ಹೇಳಿದ್ದೇ ಆಯಿತು. ದೊಂದಿ ನನ್ನ ಪಕ್ಕದಲ್ಲೇ ಹಾದು ಹೋಯಿತು, ಮುಖಕ್ಕೆ ಬಿಸಿ ತಾಗಿತು, ಕ್ಯಾಮೆರಾ ಕುಂಯ್ ಕುಂಯ್ ಅಂತ ಹುಡುಕುತ್ತಲೇ ಇತ್ತು. ಸಿಕ್ಕಿದ್ದು ಬೆನ್ನಿನ ಫೋಟೋ ಒಂದು.

ಫುಲ್ ಫ್ರೇಮ್ ಪುಟ್ಟ
ನಾನು ಏನೂ ಹೇಳುವುದಿಲ್ಲ.

ಪತ್ತನಾಜೆ
ಮುಂದಿನ ಸಲ ಮಹಿಷಾಸುರನಿಗೆ ಆಟೋಫೋಕಸ್ ಬಿಟ್ಟುಬಿಡಿ. ಆತ ಬರುವ ದಾರಿ ಮೊದಲೇ ಗೊತ್ತಿರುತ್ತದಲ್ಲ. ದಾರಿಯಲ್ಲಿ ಕೂತಿರುವ ಯಾರಾದರೂ ಬಿಳಿ ಅಂಗಿಯವರಿಗೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿ. ಆತ ಅಲ್ಲಿಗೆ ಬಂದಾಗ ಒತ್ತಿ. ಎಫ್ 4ಕ್ಕೆ ಇಳಿಸಿ, ದೊಂದಿಯ ಬೆಳಕು ಅಷ್ಟು ಇರುತ್ತದೆ.

ಚೌಕಿ ಬಾಗಿಲು
ಆ ಬೆನ್ನಿನ ಫೋಟೋ ಕಳಿಸಿ. ಹಿಂದಿನಿಂದ ವೇಷ ಹೇಗೆ ಕಾಣುತ್ತದೆ ಅಂತ ನಮಗೆ ಯಾರೂ ತೋರಿಸಿದ್ದೇ ಇಲ್ಲ.

ಮೂರನೇ ಸಾಲು
ಖಂಡಿತ ಕಳಿಸುತ್ತೇನೆ. ಲೆನ್ಸ್ ತಗೊಳ್ಳುವುದು ಗಟ್ಟಿಯಾಯಿತು. ಬಾಡಿ ವಿಷಯ ಮುಂದಿನ ಸೀಸನ್‌ಗೆ. ಮನೆಯವಳು 64 ಫೋಟೋ ನೋಡಿ, "ಇದರಲ್ಲೇ ಇಷ್ಟು ಚೆನ್ನಾಗಿ ಬರುವುದಾದರೆ ಹೊಸತು ಯಾಕೆ?" ಅಂದಳು. ಚೆನ್ನಾಗಿ ತೆಗೆದದ್ದೇ ತಪ್ಪಾಯಿತೇನೋ.

ಸುಮ್ನೆ ಒಬ್ಬ
ಬೆನ್ನಿನ ಫೋಟೋ ತೋರಿಸಿ ಕೇಳಿ ನೋಡಿ.

ಹೊಸ ಹುರುಪು
ಯಾರಾದರೂ ಹೇಳಿ, ಫಂಗಸ್ ಬಂದ ಲೆನ್ಸನ್ನು ಬಿಸಿಲಿಗೆ ಇಟ್ಟರೆ ಹೋಗುತ್ತದಾ, ಇಲ್ಲ ಬಿಚ್ಚಿಸಲೇ ಬೇಕಾ?